ಲಿಕ್ಟನ್‌ಸ್ಟೈನ್‌ಗೆ ಹೋಗುವ ದಾರಿ: ವಿಮಾನ ನಿಲ್ದಾಣವಿಲ್ಲದ ದೇಶಕ್ಕೆ ಮೂರು ಬಾಗಿಲುಗಳು

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ಉತ್ತರಕ್ಕೆ ಹರಿಯುವ ರೈನ್ ನದಿಯ ಬಲದಂಡೆಗೆ ಅಂಟಿಕೊಂಡಂತೆ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ರಾಜ್ಯವಿದೆ. ಅದರ ವಿಸ್ತೀರ್ಣ 160 ಚದರ ಕಿಲೋಮೀಟರ್; ತುದಿಯಿಂದ ತುದಿಗೆ ಉದ್ದ ಸುಮಾರು 25 ಕಿಲೋಮೀಟರ್; ಜನಸಂಖ್ಯೆ ಸುಮಾರು 40 ಸಾವಿರ. ಬೆಂಗಳೂರು ನಗರದ ಕಾಲು ಭಾಗದಷ್ಟೂ ಇಲ್ಲದ ಈ ನೆಲಕ್ಕೆ ತನ್ನದೇ ಆದ ವಿಮಾನ ನಿಲ್ದಾಣವಿಲ್ಲ. ದಕ್ಷಿಣದ ಬಾಲ್ಜರ್ಸ್ ಊರಿನಲ್ಲಿ ಹೆಲಿಕಾಪ್ಟರ್ ಇಳಿಯುವ ತಾಣವೊಂದಿದೆ, ಅಷ್ಟೆ. ದೇಶದ ಉತ್ತರ ಭಾಗವನ್ನು ಹಾದುಹೋಗುವ ರೈಲು ಮಾರ್ಗವೊಂದಿದ್ದರೂ ಅದರ ಮೇಲೆ ಓಡುವ ದೂರದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ಹೀಗಾಗಿ ಟಿಕೆಟ್ ಹುಡುಕುವ ಪುಟದಲ್ಲಿ ‘ಲಿಕ್ಟನ್‌ಸ್ಟೈನ್’ ಎಂದು ಬರೆದು ಕುಳಿತವರಿಗೆ ಏನೂ ಸಿಗುವುದಿಲ್ಲ, ಮತ್ತು ಹಲವರು ಅಲ್ಲಿಗೇ ಯೋಚನೆಯನ್ನು ಕೈಬಿಟ್ಟು ಪ್ರವಾಸ ಸಂಸ್ಥೆಯ ದೊಡ್ಡ ಬಸ್ಸಿನಲ್ಲಿ ಒಂದೆರಡು ಗಂಟೆ ಬಂದು, ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಈ ದೇಶಕ್ಕೆ ಸ್ವಂತವಾಗಿ ಬರುವುದು ನಿಜಕ್ಕೂ ಸುಲಭವಾಗಿರುವುದರಿಂದ, ಹಾಗೆ ಬಂದು ಹೋಗುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಸುಲಭವಾಗಬೇಕಾದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿಕೊಳ್ಳಬೇಕು. ‘ಲಿಕ್ಟನ್‌ಸ್ಟೈನ್‌ಗೆ ಯಾವ ರೈಲು, ಯಾವ ವಿಮಾನ’ ಎಂದು ಕೇಳುವ ಬದಲು ‘ಅದರ ಅಂಚಿನಲ್ಲಿರುವ ಮೂರು ರೈಲು ನಿಲ್ದಾಣಗಳಲ್ಲಿ ನಾನು ಯಾವುದರಲ್ಲಿ ಇಳಿಯಲಿ’ ಎಂದು ಕೇಳಿಕೊಳ್ಳಿ. ದಕ್ಷಿಣದಲ್ಲಿ ಸ್ವಿಟ್ಜರ್ಲೆಂಡಿನ ಸಾರ್ಗಾನ್ಸ್, ಪಶ್ಚಿಮದಲ್ಲಿ ಸ್ವಿಟ್ಜರ್ಲೆಂಡಿನದೇ ಬುಕ್ಸ್, ಉತ್ತರದಲ್ಲಿ ಆಸ್ಟ್ರಿಯಾದ ಫೆಲ್ಡ್‌ಕಿರ್ಖ್. ಈ ಮೂರೂ ಕಡೆ ದೂರದ ರೈಲುಗಳು ನಿಲ್ಲುತ್ತವೆ, ಮೂರೂ ಕಡೆಯಿಂದ ಲಿಕ್ಟನ್‌ಸ್ಟೈನ್‌ನ ಸಾರ್ವಜನಿಕ ಬಸ್ಸು ಹೊರಡುತ್ತದೆ. ನೀವು ಯಾವ ದಿಕ್ಕಿನಿಂದ ಬರುತ್ತಿದ್ದೀರಿ ಎಂಬುದು ತೀರ್ಮಾನವಾದರೆ ಬಾಗಿಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಕಾಗದ ಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗನ್ ವೀಸಾ ಬೇಕು, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ಪರಿಶೀಲನೆಯನ್ನು ಕೈಬಿಟ್ಟಿರುವ ಯೂರೋಪಿನ ದೇಶಗಳ ಗುಂಪಿಗೆ ಸಲ್ಲುವ ವೀಸಾ. ಲಿಕ್ಟನ್‌ಸ್ಟೈನ್ 2011ರ ಡಿಸೆಂಬರಿನಿಂದ ಶೆಂಗನ್ ವಲಯದೊಳಗಿದೆ. ಆದರೆ ಈ ದೇಶಕ್ಕೆಂದೇ ಬೇರೆ ವೀಸಾ ಕಚೇರಿ ನಮ್ಮಲ್ಲಿಲ್ಲ, ಅದರ ಪರವಾಗಿ ಅರ್ಜಿಯನ್ನು ಸ್ವೀಕರಿಸುವುದು ಸ್ವಿಟ್ಜರ್ಲೆಂಡ್. ನಿಯಮವೆಂದರೆ, ನೀವು ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ತಂಗುವ ದಿನಗಳು ಸಮನಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ. ಆದ್ದರಿಂದ ಆರು ರಾತ್ರಿ ಆಸ್ಟ್ರಿಯಾದಲ್ಲಿದ್ದು ಎರಡು ರಾತ್ರಿ ಲಿಕ್ಟನ್‌ಸ್ಟೈನ್‌ನಲ್ಲಿ ಉಳಿಯುವವರು ಆಸ್ಟ್ರಿಯಾಕ್ಕೇ ಅರ್ಜಿ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ. ಕೊನೆಯ ಗಡುವನ್ನು ನಂಬಿಕೊಂಡು ಕೂರಬೇಡಿ. ಬೇಸಿಗೆ ರಜೆಯ ಕಾಲದಲ್ಲಿ ಬೆಂಗಳೂರಿನಲ್ಲಿ ಭೇಟಿಯ ದಿನಾಂಕ ಸಿಗುವುದೇ ಕಷ್ಟ. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

‘ಮೂರು ದೇಶ ಓಡಾಡಿದರೆ ಮೂರು ಸಲ ಪ್ರವೇಶವಾಗುತ್ತದಲ್ಲವೇ, ಒಂದೇ ಪ್ರವೇಶದ ವೀಸಾ ಸಾಲದಲ್ಲವೇ’ ಎಂದು ಹಲವರು ಕೇಳುತ್ತಾರೆ. ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್, ಆಸ್ಟ್ರಿಯಾ, ಜರ್ಮನಿ ಎಲ್ಲವೂ ಶೆಂಗನ್ ವಲಯದೊಳಗೇ ಇರುವುದರಿಂದ ಇವುಗಳ ನಡುವಿನ ಓಡಾಟ ಹೊಸ ಪ್ರವೇಶವೆಂದು ಲೆಕ್ಕವಾಗುವುದಿಲ್ಲ. ಪಾಸ್‌ಪೋರ್ಟ್ ಪರಿಶೀಲನೆ ನಡೆಯುವುದು ನೀವು ಮೊದಲು ಇಳಿಯುವ ಶೆಂಗನ್ ವಿಮಾನ ನಿಲ್ದಾಣದಲ್ಲಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವುದರಿಂದ ಅಲ್ಲಿನ ಸಾಲಿಗೆ ಹೆಚ್ಚು ಸಮಯ ಹಿಡಿಯಬಹುದು. ಮುಂದಿನ ವಿಮಾನ ಅಥವಾ ರೈಲಿಗೆ ಎರಡು ಗಂಟೆಯಾದರೂ ಅಂತರ ಇಟ್ಟುಕೊಳ್ಳುವುದು ಒಳಿತು.

ಊರಿನಿಂದ ತಿಂಡಿ ಕಟ್ಟಿಕೊಂಡು ಹೊರಡುವ ನಮ್ಮ ಅಭ್ಯಾಸಕ್ಕೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಯೂರೋಪಿನ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಸ್ವಿಟ್ಜರ್ಲೆಂಡಿಗೆ ತರುವಂತಿಲ್ಲ. ಧಾರವಾಡದ ಪೇಡ, ಮನೆಯ ತುಪ್ಪ ಇವೆರಡೂ ಈ ನಿಷೇಧದೊಳಗೆ ಬರುತ್ತವೆ. ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿಗಳನ್ನು ಇಟ್ಟುಕೊಳ್ಳಿ, ಪೇಡವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಜ್ಯೂರಿಚ್ ಮೂಲಕ, ಸಾರ್ಗಾನ್ಸ್ ಬಾಗಿಲಿನಿಂದ

ಅತ್ಯಂತ ಸರಳವಾದ ದಾರಿ ಇದೇ. ಬೆಂಗಳೂರಿನಿಂದ ದೋಹಾ, ದುಬೈ, ಅಬುಧಾಬಿಗಳ ಮೂಲಕ ಜ್ಯೂರಿಚ್‌ಗೆ ಬರಬಹುದು. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರ ವಿಮಾನದಲ್ಲಿ ಬಂದು ಅಲ್ಲಿಂದ ಇನ್ನೊಂದು ಸಣ್ಣ ಹಾರಾಟದಲ್ಲಿ ಜ್ಯೂರಿಚ್ ತಲುಪಬಹುದು. ಮುಂಬೈ ಮತ್ತು ದೆಹಲಿಯಿಂದ ಜ್ಯೂರಿಚ್‌ಗೆ ನೇರ ವಿಮಾನಗಳೂ ಇವೆ. ಜರ್ಮನಿಯ ಮೂಲಕ ಬಂದರೆ ಪಾಸ್‌ಪೋರ್ಟ್ ಪರಿಶೀಲನೆ ಅಲ್ಲೇ ಮುಗಿಯುವುದರಿಂದ ಜ್ಯೂರಿಚ್‌ನಲ್ಲಿ ಸಾಮಾನು ತೆಗೆದುಕೊಂಡು ನೇರವಾಗಿ ಹೊರಬರಬಹುದು.

ರೈಲು ನಿಲ್ದಾಣ ವಿಮಾನ ನಿಲ್ದಾಣದ ಅಡಿಯಲ್ಲೇ ಇದೆ. ಅಲ್ಲಿಂದ ಜ್ಯೂರಿಚ್ ಮುಖ್ಯ ನಿಲ್ದಾಣಕ್ಕೆ ಹತ್ತು ಹನ್ನೆರಡು ನಿಮಿಷ. ಮುಖ್ಯ ನಿಲ್ದಾಣದಲ್ಲಿ ಫಲಕವನ್ನು ನೋಡಿದಾಗ ‘ಸಾರ್ಗಾನ್ಸ್’ ಎಂಬ ಹೆಸರು ಕೊನೆಯ ನಿಲ್ದಾಣವಾಗಿ ಕಾಣುವುದಿಲ್ಲ. ಖೂರ್ ಊರಿಗೆ ಹೋಗುವ ವೇಗದ ರೈಲು, ಅಥವಾ ವಿಯೆನ್ನಾ ಕಡೆಗೆ ಹೋಗುವ ರೈಲ್‌ಜೆಟ್ ಎಂಬ ಆಸ್ಟ್ರಿಯಾದ ವೇಗದ ರೈಲು, ಎರಡೂ ಸಾರ್ಗಾನ್ಸ್‌ನಲ್ಲಿ ನಿಲ್ಲುತ್ತವೆ. ಖೂರ್ ರೈಲಿನಲ್ಲಿ ಸಾರ್ಗಾನ್ಸ್‌ಗೆ ಒಂದು ಗಂಟೆಗಿಂತ ತುಸು ಕಡಿಮೆ ಸಮಯ ಸಾಕು. ಹತ್ತಿದ ಮೇಲೆ ಓಟದ ದಿಕ್ಕಿಗೆ ಎಡಗಡೆಯ ಕಿಟಕಿಯನ್ನು ಹಿಡಿಯಿರಿ. ಮೊದಲು ಜ್ಯೂರಿಚ್ ಸರೋವರ, ಆಮೇಲೆ ವಾಲೆನ್ ಸರೋವರ ಎರಡೂ ಎಡಗಡೆಗೇ ಬರುತ್ತವೆ. ವಾಲೆನ್ ಸರೋವರದ ಆಚೆ ದಡದಲ್ಲಿ ಖೂರ್‌ಫಿರ್‌ಸ್ಟನ್ ಶಿಖರಗಳು ಗೋಡೆ ಎಬ್ಬಿಸಿದಂತೆ ನೀರಿನಿಂದಲೇ ನೆಟ್ಟಗೆ ಮೇಲೇಳುತ್ತವೆ. ನಡುವೆ ಸುರಂಗಗಳು ಬಂದು ನೋಟವನ್ನು ಕತ್ತರಿಸುತ್ತವೆಯಾದರೂ ಪ್ರತಿ ಸುರಂಗದ ನಂತರವೂ ನೀರಿನ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಬಲಗಡೆ ಕುಳಿತವರಿಗೆ ಬಹುತೇಕ ಬಂಡೆ ಮತ್ತು ಗೋಡೆ.

ಸಾರ್ಗಾನ್ಸ್‌ನಲ್ಲಿ ಇಳಿದು ನಿಲ್ದಾಣದ ಮುಂದಿರುವ ಬಸ್ ತಂಗುದಾಣಕ್ಕೆ ಬಂದರೆ 11ನೇ ಸಂಖ್ಯೆಯ ಬಸ್ಸು ನಿಮಗೆ ಬೇಕಾದದ್ದು. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ: ಅದು ಸಾರ್ಗಾನ್ಸ್‌ನಿಂದ ಹೊರಟು ವಾಡುಜ್, ಶಾನ್ ಊರುಗಳನ್ನು ಹಾದು ಆಸ್ಟ್ರಿಯಾದ ಫೆಲ್ಡ್‌ಕಿರ್ಖ್‌ನವರೆಗೆ ಓಡುತ್ತದೆ, ಅಂದರೆ ಒಂದೇ ಬಸ್ಸು ಮೂರು ದೇಶಗಳನ್ನು ಮುಟ್ಟುತ್ತದೆ. ಸಾರ್ಗಾನ್ಸ್‌ನಿಂದ ರಾಜಧಾನಿ ವಾಡುಜ್‌ಗೆ ಸುಮಾರು ಅರ್ಧ ಗಂಟೆ. ಇಲ್ಲಿನವರು ರಾಜಧಾನಿಯ ಹೆಸರನ್ನು ಫಾದುಟ್ಸ್ ಎನ್ನುತ್ತಾರೆ. ಚಾಲಕರನ್ನು ಕೇಳುವಾಗ ಹಾಗೆಯೇ ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ದಾರಿಯಲ್ಲಿ ರೈನ್ ನದಿಯ ಸೇತುವೆಯನ್ನು ದಾಟುವಾಗ ದೇಶ ಬದಲಾಗುತ್ತದೆ. ಬಸ್ಸು ನಿಲ್ಲುವುದಿಲ್ಲ, ಯಾರೂ ಹತ್ತಿ ಬಂದು ಪಾಸ್‌ಪೋರ್ಟ್ ಕೇಳುವುದಿಲ್ಲ. 1923ರಲ್ಲಿ ಸ್ವಿಟ್ಜರ್ಲೆಂಡಿನೊಡನೆ ಮಾಡಿಕೊಂಡ ಸುಂಕ ಒಪ್ಪಂದದ ಕಾರಣ ಈ ಎರಡು ದೇಶಗಳ ನಡುವೆ ಸುಂಕದ ಕಟ್ಟೆಯೇ ಇಲ್ಲ, ನಾಣ್ಯವೂ ಒಂದೇ. ಆದ್ದರಿಂದ ಕೈಯಲ್ಲಿ ಸ್ವಿಸ್ ಫ್ರಾಂಕ್ ಇರಲಿ. ಆದರೂ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಓಡಾಡಬೇಡಿ. ಕಾನೂನಿನ ಕಣ್ಣಿನಲ್ಲಿ ನೀವು ದೇಶದಿಂದ ದೇಶಕ್ಕೆ ಹೋಗುತ್ತಿದ್ದೀರಿ.

ವಿಯೆನ್ನಾ, ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್ ಕಡೆಯಿಂದ ಬರುವವರಿಗೆ

ಇವರಿಗೆ ಬಾಗಿಲು ಫೆಲ್ಡ್‌ಕಿರ್ಖ್. ವಿಯೆನ್ನಾದಿಂದ ಜ್ಯೂರಿಚ್‌ಗೆ ಹೋಗುವ ರೈಲ್‌ಜೆಟ್ ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್ ಮೂಲಕ ಸಾಗಿ, 1884ರಲ್ಲಿ ತೆರೆದ ಹತ್ತು ಕಿಲೋಮೀಟರ್‌ಗೂ ಉದ್ದವಾದ ಆರ್ಲ್‌ಬರ್ಗ್ ಸುರಂಗವನ್ನು ದಾಟಿ ಫೆಲ್ಡ್‌ಕಿರ್ಖ್‌ಗೆ ಬರುತ್ತದೆ. ಅಲ್ಲಿ ಇಳಿದು ನಿಲ್ದಾಣದ ಹೊರಗೆ ಅದೇ 11ನೇ ಸಂಖ್ಯೆಯ ಬಸ್ಸನ್ನು ಎದುರು ದಿಕ್ಕಿನಿಂದ ಹತ್ತಬೇಕು. ಇದೇ ಮಾರ್ಗದಲ್ಲಿ ಓಡುವ ರಾತ್ರಿ ರೈಲೂ ಇದೆ. ಮಲಗುವ ಬೋಗಿಯಲ್ಲಿ ರಾತ್ರಿ ವಿಯೆನ್ನಾ ಬಿಟ್ಟು ಬೆಳಗಿನ ಹೊತ್ತಿಗೆ ಇಲ್ಲಿಗೆ ಬರಬಹುದು, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಹಾಸಿಗೆಯ ಸ್ಥಳ ಬೇಗ ತುಂಬುವುದರಿಂದ ವೀಸಾ ಕೈಗೆ ಬಂದ ದಿನವೇ ಕಾಯ್ದಿರಿಸುವುದು ಉತ್ತಮ.

ಫೆಲ್ಡ್‌ಕಿರ್ಖ್‌ನಲ್ಲಿ ಇಳಿಯದೆ ರೈಲಿನಲ್ಲೇ ಮುಂದುವರಿದು ಬುಕ್ಸ್‌ನಲ್ಲಿ ಇಳಿಯುವುದೂ ಸಾಧ್ಯ. ಹಾಗೆ ಮಾಡಿದರೆ ರೈಲು ಲಿಕ್ಟನ್‌ಸ್ಟೈನ್‌ನ ಉತ್ತರ ಭಾಗವನ್ನು ನಿಲ್ಲದೆ ದಾಟುವುದನ್ನು ಕಿಟಕಿಯಿಂದ ನೋಡಬಹುದು. 1872ರಲ್ಲಿ ತೆರೆದ ಮಾರ್ಗ ಇದು. ಇಡೀ ದೇಶದ ಏಕೈಕ ರೈಲು ಮಾರ್ಗ, ಮತ್ತು ಅದನ್ನು ನಡೆಸುವುದು ಆಸ್ಟ್ರಿಯಾದ ರೈಲ್ವೆ. ನೆಂಡೆಲ್ನ್, ಶಾನ್ ಊರುಗಳ ಸಣ್ಣ ನಿಲ್ದಾಣಗಳು ಕಣ್ಣೆದುರೇ ಹಾದುಹೋಗುತ್ತವೆ, ಐದಾರು ಮನೆ ಮತ್ತೆ ಒಂದು ಹೊಲ, ಅಷ್ಟರಲ್ಲಿ ರೈನ್ ಸೇತುವೆ. ಬುಕ್ಸ್‌ನಿಂದ ರೈಲು ಬಂದ ದಿಕ್ಕಿನಲ್ಲೇ ಮುಂದೆ ಹೋಗುವುದಿಲ್ಲ, ಇಂಜಿನ್ನಿನ ದಿಕ್ಕು ಬದಲಾಗಿ ಹಿಮ್ಮುಖವಾಗಿ ಹೊರಡುತ್ತದೆ. ಜ್ಯೂರಿಚ್‌ವರೆಗೆ ಹೋಗುವವರು ಇದನ್ನು ಕಂಡು ರೈಲು ವಾಪಸ್ ವಿಯೆನ್ನಾಕ್ಕೆ ಹೊರಟಿತೆಂದು ಗಾಬರಿಯಾಗಿ ಇಳಿಯಬಾರದು. ಹಳಿಗಳ ವಿನ್ಯಾಸವೇ ಹಾಗಿದೆ.

ಬುಕ್ಸ್ ವಿಷಯದಲ್ಲಿ ಇನ್ನೊಂದು ಮಾತು. ಸ್ವಿಟ್ಜರ್ಲೆಂಡಿನಲ್ಲಿ ಬುಕ್ಸ್ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿವೆ. ಆರ್ಗೌ ಪ್ರಾಂತದಲ್ಲೊಂದು, ಜ್ಯೂರಿಚ್ ಪ್ರಾಂತದಲ್ಲೊಂದು. ನಮಗೆ ಬೇಕಾದದ್ದು ಸೇಂಟ್ ಗಾಲನ್ ಪ್ರಾಂತದ್ದು, ಟಿಕೆಟ್ಟಿನಲ್ಲೂ ಫಲಕದಲ್ಲೂ ‘ಬುಕ್ಸ್ ಎಸ್‌ಜಿ’ ಎಂದು ಬರೆದಿರುತ್ತದೆ. ಆ ಎರಡಕ್ಷರವಿಲ್ಲದ ಟಿಕೆಟನ್ನು ಕೊಳ್ಳಬೇಡಿ.

ಮ್ಯೂನಿಕ್‌ನಿಂದ ಬರುವುದಾದರೆ

ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವಿರುವುದರಿಂದಲೂ ಆ ನಗರದಲ್ಲಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟು ಇರುವುದರಿಂದಲೂ ಈ ದಾರಿಯನ್ನು ಬೇರೆಯಾಗಿ ಹೇಳುತ್ತಿದ್ದೇನೆ. ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣಕ್ಕೆ ಸ್ಥಳೀಯ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಅಲ್ಲಿಂದ ಜ್ಯೂರಿಚ್‌ಗೆ ಹೋಗುವ ಯೂರೋಸಿಟಿ ರೈಲು ಲಿಂಡಾವ್ ಮತ್ತು ಬ್ರೆಗೆಂಜ್ ಮೂಲಕ ಕಾನ್‌ಸ್ಟನ್ಸ್ ಸರೋವರದ ಬದಿಯಲ್ಲಿ ಸಾಗುತ್ತದೆ. ಎರಡು ಆಯ್ಕೆಗಳಿವೆ: ಬ್ರೆಗೆಂಜ್‌ನಲ್ಲಿ ಇಳಿದು ಆಸ್ಟ್ರಿಯಾದ ಸ್ಥಳೀಯ ರೈಲಿನಲ್ಲಿ ಫೆಲ್ಡ್‌ಕಿರ್ಖ್‌ಗೆ ಹೋಗುವುದು, ಅಥವಾ ಇನ್ನೊಂದು ನಿಲ್ದಾಣ ಮುಂದೆ ಸ್ವಿಟ್ಜರ್ಲೆಂಡಿನ ಸೇಂಟ್ ಮಾರ್ಗರೇಥನ್‌ನಲ್ಲಿ ಇಳಿದು ರೈನ್ ಕಣಿವೆಯ ರೈಲಿನಲ್ಲಿ ಬುಕ್ಸ್‌ಗೆ ಬರುವುದು. ಹೋಟೆಲು ವಾಡುಜ್ ಅಥವಾ ಶಾನ್‌ನಲ್ಲಿದ್ದರೆ ನಾನು ಬುಕ್ಸ್ ದಾರಿಯನ್ನೇ ಆರಿಸುತ್ತೇನೆ, ಏಕೆಂದರೆ ಬುಕ್ಸ್‌ನಿಂದ ಶಾನ್‌ಗೆ ಬಸ್ಸಿನಲ್ಲಿ ಕೆಲವೇ ನಿಮಿಷಗಳ ದಾರಿ, ಆಸ್ಟ್ರಿಯಾದ ಗಡಿಯಲ್ಲಿ ವಾಹನಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳುವ ಪ್ರಮೇಯವೂ ಇಲ್ಲ.

ಇಟಲಿಯ ಕಡೆಯಿಂದ

ಮಿಲಾನ್‌ನಿಂದ ಗೊಥಾರ್ಡ್‌ನ 57 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಮೂರೂವರೆ ಗಂಟೆಯ ಆಸುಪಾಸಿನಲ್ಲಿ ಜ್ಯೂರಿಚ್ ತಲುಪಿ, ಅಲ್ಲಿಂದ ಸಾರ್ಗಾನ್ಸ್‌ಗೆ ಬರುವುದು ಬೇಗನೆ ಮುಗಿಯುವ ದಾರಿ. ಒಂದು ಇಡೀ ದಿನ ಕೈಯಲ್ಲಿದ್ದರೆ ಮಾತ್ರ ಅದಕ್ಕಿಂತ ಒಳ್ಳೆಯದೊಂದಿದೆ: ಮಿಲಾನ್‌ನಿಂದ ಟಿರಾನೊ, ಅಲ್ಲಿಂದ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬರ್ನಿನಾ ಮತ್ತು ಆಲ್ಬುಲಾ ಪರ್ವತ ಮಾರ್ಗದಲ್ಲಿ ಖೂರ್, ಖೂರ್‌ನಿಂದ ಇಪ್ಪತ್ತು ನಿಮಿಷದಲ್ಲಿ ಸಾರ್ಗಾನ್ಸ್. ಆ ದಾರಿಯ ವಿವರ ಬೇರೆಯದೇ ಲೇಖನಕ್ಕೆ ಸೇರಿದ್ದು.

ಟಿಕೆಟ್ ಲೆಕ್ಕ

ಸ್ವಿಸ್ ರೈಲ್ವೆಯ ಆ್ಯಪಿನಲ್ಲಿ ಕೊನೆಯ ತಾಣವಾಗಿ ‘ವಾಡುಜ್ ಪೋಸ್ಟ್’ ಎಂದು ಬರೆದರೆ ರೈಲು ಮತ್ತು ಬಸ್ಸು ಎರಡರ ವೇಳೆಯೂ ಒಟ್ಟಿಗೆ ಕಾಣುತ್ತದೆ. ವಾಡುಜ್‌ನ ಮುಖ್ಯ ಬಸ್ ತಂಗುದಾಣದ ಹೆಸರೇ ಅದು. ಇಲ್ಲಿ ನಾನು ಕಂಡುಕೊಂಡ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಂದು, ಅಗ್ಗದ ಮುಂಗಡ ಟಿಕೆಟ್ಟುಗಳು ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತವೆ. ಆ ರೈಲು ತಪ್ಪಿದರೆ ಹಣ ಹೋದಂತೆ. ವಿಮಾನದಿಂದ ಇಳಿದ ದಿನಕ್ಕೆ ಇಂಥ ಟಿಕೆಟ್ ಬೇಡ, ಯಾವ ರೈಲಿಗಾದರೂ ಸಲ್ಲುವ ಸಾಮಾನ್ಯ ಟಿಕೆಟನ್ನೇ ತೆಗೆದುಕೊಳ್ಳಿ. ವಾಪಸಾಗುವ ದಿನಕ್ಕೆ, ಅಥವಾ ಊರಿನಿಂದ ಊರಿಗೆ ಹೋಗುವ ನಡುವಿನ ದಿನಗಳಿಗೆ, ಅಗ್ಗದ ಟಿಕೆಟ್ ನಿಜಕ್ಕೂ ಲಾಭಕರ. ಎರಡು, ಯಂತ್ರದಲ್ಲಿ ‘ಶಾನ್-ವಾಡುಜ್’ ಎಂಬ ರೈಲು ನಿಲ್ದಾಣ ಕಾಣುತ್ತದೆ. ಹೆಸರಿನಲ್ಲಿ ವಾಡುಜ್ ಇದ್ದರೂ ನಿಲ್ದಾಣ ಇರುವುದು ಶಾನ್ ಊರಿನಲ್ಲಿ, ರಾಜಧಾನಿಯಿಂದ ಮೂರು ಕಿಲೋಮೀಟರ್ ದೂರದಲ್ಲಿ. ಅಲ್ಲಿ ನಿಲ್ಲುವ ಸ್ಥಳೀಯ ರೈಲುಗಳು ಕೆಲಸಕ್ಕೆ ಹೋಗಿಬರುವವರಿಗಾಗಿ ಇರುವಂಥವು, ಸಂಖ್ಯೆಯಲ್ಲಿ ಕಡಿಮೆ. ಭಾನುವಾರದ ಯೋಜನೆಯನ್ನು ಅವುಗಳ ಮೇಲೆ ಕಟ್ಟಬೇಡಿ.

ಸ್ವಿಟ್ಜರ್ಲೆಂಡಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಸುತ್ತುವವರು ಸ್ವಿಸ್ ಟ್ರಾವೆಲ್ ಪಾಸ್ ಕೊಂಡಿದ್ದರೆ ಅದು ಲಿಕ್ಟನ್‌ಸ್ಟೈನ್‌ನ ಬಸ್ಸುಗಳಲ್ಲೂ ನಡೆಯುತ್ತದೆ, ಬೇರೆ ಟಿಕೆಟ್ ಬೇಕಿಲ್ಲ. ಯೂರೋಪಿನ ಹಲವು ದೇಶಗಳಲ್ಲಿ ನಡೆಯುವ ಯೂರೇಲ್ ಪಾಸ್ ರೈಲಿಗಾಗಿ ಇರುವಂಥದ್ದು. ಅದನ್ನು ಹಿಡಿದು ಬರುವವರು ಬಸ್ಸಿಗೆ ಬೇರೆ ಟಿಕೆಟ್ ಕೊಳ್ಳಲು ಸಿದ್ಧರಿರಬೇಕು. ಲಿಕ್ಟನ್‌ಸ್ಟೈನ್‌ನಲ್ಲೇ ಒಂದೆರಡು ದಿನ ಉಳಿಯುವವರಿಗೆ ಅಲ್ಲಿನ ಪ್ರವಾಸಿ ಕೇಂದ್ರದಲ್ಲಿ ಒಂದು, ಎರಡು, ಮೂರು ದಿನಗಳ ಅಡ್ವೆಂಚರ್ ಪಾಸ್ ಸಿಗುತ್ತದೆ. ವಸ್ತುಸಂಗ್ರಹಾಲಯಗಳ ಪ್ರವೇಶವೂ ಬಸ್ ಪ್ರಯಾಣವೂ ಅದರಲ್ಲೇ ಸೇರಿದೆ.

ದೇಶದೊಳಗಿನ ಬಸ್ಸುಗಳು

ಲೀಮೊಬಿಲ್ ಎಂಬ ಸಾರ್ವಜನಿಕ ಸಂಸ್ಥೆ ನಡೆಸುವ ಹಳದಿ ಹಸಿರು ಬಣ್ಣದ ಬಸ್ಸುಗಳು ಹನ್ನೊಂದೂ ಊರುಗಳನ್ನು ಜೋಡಿಸುತ್ತವೆ. ರೈಲಿಲ್ಲದ ಕೊರತೆಯನ್ನು ಇವು ಎಷ್ಟು ಚೆನ್ನಾಗಿ ತುಂಬಿವೆಯೆಂದರೆ, ನನ್ನ ಮಟ್ಟಿಗೆ ಈ ದೇಶದ ಸಾರಿಗೆಯೆಂದರೆ ಈ ಬಸ್ಸುಗಳೇ. ಹಗಲಿನಲ್ಲಿ ಮುಖ್ಯ ಮಾರ್ಗದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಾಗಿ ಬರುವುದು ಅಪರೂಪ. ಬಾಗಿಲು ತಾನಾಗಿ ತೆರೆಯದಿದ್ದರೆ ಪಕ್ಕದ ಗುಂಡಿಯನ್ನು ಒತ್ತಬೇಕು. ಇಳಿಯುವ ತಂಗುದಾಣದ ಹೆಸರು ಪರದೆಯ ಮೇಲೆ ಬಂದ ಕೂಡಲೇ ಕಂಬದ ಮೇಲಿನ ಗುಂಡಿಯನ್ನು ಒತ್ತಬೇಕು, ಇಲ್ಲದಿದ್ದರೆ ಯಾರೂ ಹತ್ತುವವರಿಲ್ಲದ ತಂಗುದಾಣವನ್ನು ಬಸ್ಸು ದಾಟಿ ಹೋಗುತ್ತದೆ. ಹತ್ತುವಾಗ ಚಾಲಕರಿಗೆ ‘ಹೋಯ್’ ಎನ್ನುವುದು ಇಲ್ಲಿನ ರೂಢಿ. ನಮ್ಮ ಕಿವಿಗೆ ಅದು ದೂರದವರನ್ನು ಕೂಗಿದಂತೆ ಕೇಳಿಸಿದರೂ ಇಲ್ಲಿ ಅದು ನಮಸ್ಕಾರ.

ಬೆಳಗಿನ ಏಳರಿಂದ ಎಂಟರವರೆಗೆ, ಸಂಜೆ ಐದರಿಂದ ಆರರವರೆಗೆ ಬಸ್ಸುಗಳಲ್ಲೂ ರಸ್ತೆಯಲ್ಲೂ ದಟ್ಟಣೆ ಹೆಚ್ಚು. ಕಾರಣ ಸ್ಪಷ್ಟವಾಗಿದೆ: ಈ ದೇಶದಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರತಿದಿನ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಿಂದ ಬಂದು ಹೋಗುವವರು. ಫೆಲ್ಡ್‌ಕಿರ್ಖ್ ದಾರಿಯಲ್ಲಿ ಶಾನ್‌ವಾಲ್ಡ್ ಗಡಿ ಇರುವುದರಿಂದ ಅಲ್ಲಿ ಸಂಜೆ ಹೊತ್ತು ವಾಹನಗಳ ಸಾಲು ಬೆಳೆಯುತ್ತದೆ. ಈ ಗಡಿಯಲ್ಲಿ ಸುಂಕದ ಪರಿಶೀಲನೆಯೂ ಇದೆ, ಏಕೆಂದರೆ ಲಿಕ್ಟನ್‌ಸ್ಟೈನ್ ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ. ಸಂಜೆಯ ರೈಲು ಹಿಡಿಯಬೇಕಾದವರು ಈ ಹೊತ್ತಿನಲ್ಲಿ ಒಂದು ಬಸ್ಸು ಮೊದಲೇ ಹೊರಡುವುದು ಕ್ಷೇಮ.

ಇಲ್ಲಿಗೆ ಬಂದವರು ತಪ್ಪಿಸಬಾರದ ಬಸ್ಸು 21ನೆಯದು. ವಾಡುಜ್‌ನಿಂದ ಹೊರಟು ಟ್ರೀಸನ್‌ಬರ್ಗ್ ಎಂಬ ಬೆಟ್ಟದ ಊರಿನ ಮೂಲಕ, ಸುರಂಗವೊಂದನ್ನು ದಾಟಿ, 1600 ಮೀಟರ್ ಎತ್ತರದ ಮಾಲ್ಬುನ್‌ವರೆಗೆ ಅದು ಹೋಗುತ್ತದೆ. ವಾಡುಜ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 455 ಮೀಟರ್ ಎತ್ತರದಲ್ಲಿ. ಅಂದರೆ ಒಂದೇ ಟಿಕೆಟ್ಟಿನಲ್ಲಿ ಸಾವಿರ ಮೀಟರ್‌ಗೂ ಹೆಚ್ಚು ಏರುತ್ತೀರಿ. ತಿರುವುಗಳಲ್ಲಿ ಬಸ್ಸು ಸಣ್ಣದಾಗಿ ಹಾರ್ನ್ ಮಾಡುತ್ತ ಸಾಗುವಾಗ ರೈನ್ ಕಣಿವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೆಳಗಿಳಿಯುತ್ತದೆ. ಕೆಳಗೆ ನದಿ ಅಳತೆಗೋಲಿನಿಂದ ಎಳೆದ ಗೆರೆಯ ಹಾಗೆ ನೇರವಾಗಿ ಕಾಣುತ್ತದೆ. ಸುರಂಗದ ಈ ಕಡೆ ಹಸಿರು ಇದ್ದು ಆ ಕಡೆ ಹಿಮ ಬಿದ್ದಿರುವ ದಿನಗಳೂ ಉಂಟು. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಆಸನದಲ್ಲಿ ಕೂರಿ, ಮತ್ತು ಇಳಿದ ಕೂಡಲೇ ಕೊನೆಯ ವಾಪಸ್ ಬಸ್ಸಿನ ವೇಳೆಯನ್ನು ಫಲಕದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಮಾಲ್ಬುನ್‌ನಲ್ಲಿ ಟ್ಯಾಕ್ಸಿಯನ್ನು ಕರೆಸುವುದು ದುಬಾರಿಯಾದ ಪರಿಹಾರ.

ಕಾರಿನಲ್ಲಿ ಬರುವುದು

ಒಬ್ಬರು ಇಬ್ಬರು ಬರುವುದಾದರೆ ಕಾರಿನ ಅಗತ್ಯವಿಲ್ಲ. ವಯಸ್ಸಾದ ತಂದೆತಾಯಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು, ನಾಲ್ಕಾರು ಪೆಟ್ಟಿಗೆಗಳೊಡನೆ ಬರುವ ಕುಟುಂಬಕ್ಕೆ ಕಾರು ಒಳ್ಳೆಯದೇ. ಅಂಥವರು ಊರು ಬಿಡುವ ಮೊದಲೇ ತಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದಿರಬೇಕು, ಮೂಲ ಪರವಾನಗಿಯೂ ಜೊತೆಗಿರಬೇಕು. ವಾಹನ ಓಡುವುದು ರಸ್ತೆಯ ಬಲಗಡೆ.

ಜ್ಯೂರಿಚ್‌ನಿಂದ ಬರುವ ಹೆದ್ದಾರಿ ಸಾರ್ಗಾನ್ಸ್ ಬಳಿ ಎ13 ಮಾರ್ಗವನ್ನು ಕೂಡುತ್ತದೆ, ಅದು ರೈನ್ ನದಿಯ ಎಡದಂಡೆಯಲ್ಲಿ, ಅಂದರೆ ಸ್ವಿಟ್ಜರ್ಲೆಂಡಿನ ನೆಲದಲ್ಲಿ, ಲಿಕ್ಟನ್‌ಸ್ಟೈನ್‌ಗೆ ಸಮಾನಾಂತರವಾಗಿ ಸಾಗುತ್ತದೆ. ಹೊಳೆಯ ಆಚೆ ಬದಿಯಲ್ಲಿ ಒಂದು ದೇಶವನ್ನು ಇಡಿಯಾಗಿ ನೋಡುತ್ತ ಹೋಗಿ, ವಾಡುಜ್ ಎಂದು ಬರೆದಿರುವ ತಿರುವಿನಲ್ಲಿ ಇಳಿದು ಸೇತುವೆ ದಾಟಬೇಕು. ಲಿಕ್ಟನ್‌ಸ್ಟೈನ್‌ನೊಳಗೆ ಹೆದ್ದಾರಿಯೂ ಇಲ್ಲ, ಅದರ ಸುಂಕವೂ ಇಲ್ಲ. ಆದರೆ ಸ್ವಿಟ್ಜರ್ಲೆಂಡಿನ ಹೆದ್ದಾರಿಗಳಿಗೆ ವರ್ಷಕ್ಕೆ 40 ಫ್ರಾಂಕ್‌ನ ವಿನ್ಯೆಟ್, ಅಂದರೆ ಹೆದ್ದಾರಿ ಸುಂಕ ಕಟ್ಟಿದ್ದಕ್ಕೆ ಗುರುತಿನ ಚೀಟಿ, ಬೇಕು. ಜ್ಯೂರಿಚ್‌ನಲ್ಲಿ ಬಾಡಿಗೆಗೆ ತೆಗೆದ ಕಾರಿನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಆಸ್ಟ್ರಿಯಾದ ಹೆದ್ದಾರಿಗೆ ಆ ದೇಶದ ವಿನ್ಯೆಟ್ಟೇ ಬೇರೆ. ಜರ್ಮನಿಯ ಗಡಿಯಿಂದ ಹೊಹೆನೆಮ್ಸ್‌ವರೆಗಿನ ಎ14 ಹೆದ್ದಾರಿಗೆ 2019ರ ಡಿಸೆಂಬರಿನಿಂದ ವಿನಾಯಿತಿ ಇದೆ, ಅದರಾಚೆ ಫೆಲ್ಡ್‌ಕಿರ್ಖ್‌ವರೆಗೆ ಇಲ್ಲ. ಮ್ಯೂನಿಕ್‌ನಿಂದ ಕಾರಿನಲ್ಲಿ ಬರುವವರು ಈ ವ್ಯತ್ಯಾಸವನ್ನು ಗಮನಿಸದೆ ಮುಂದೆ ಹೋದರೆ ದಂಡ ಕಟ್ಟಬೇಕಾಗುತ್ತದೆ. ಬಾಡಿಗೆ ಕಾರನ್ನು ಗಡಿ ದಾಟಿಸಲು ಒಪ್ಪಿಗೆಯಿದೆಯೇ ಎಂಬುದನ್ನು ಕರಾರು ಪತ್ರದಲ್ಲಿ ಓದಿಯೇ ಸಹಿ ಮಾಡಿ.

ಸೇತುವೆಯ ಮೇಲೆ ನಡೆದು

ನನಗೆ ಅತ್ಯಂತ ಪ್ರಿಯವಾದ ದಾರಿ ಇದು. ಬುಕ್ಸ್ ಮತ್ತು ಸಾರ್ಗಾನ್ಸ್‌ಗಳ ನಡುವೆ ಸೆವೆಲನ್ ಎಂಬ ಸಣ್ಣ ನಿಲ್ದಾಣವಿದೆ, ಸ್ಥಳೀಯ ರೈಲುಗಳು ಅಲ್ಲಿ ನಿಲ್ಲುತ್ತವೆ. ಅಲ್ಲಿ ಇಳಿದು ಊರನ್ನು ಹಾದು ನದಿಯ ಕಡೆಗೆ ನಡೆದರೆ ಸೂರಿರುವ ಹಳೆಯ ಮರದ ಸೇತುವೆ ಎದುರಾಗುತ್ತದೆ. ಇಲ್ಲಿ ಮೊದಲ ಸೇತುವೆ ಕಟ್ಟಿದ್ದು 1871ರಲ್ಲಿ, ಈಗಿರುವ ರೂಪ 1901ರದು. ಉದ್ದ 135 ಮೀಟರ್. ರೈನ್ ಮೇಲೆ ಈ ಭಾಗದಲ್ಲಿ ಹಿಂದೆ ಇಂಥ ಸೇತುವೆಗಳು ಹಲವಿದ್ದವು, ಉಳಿದಿರುವುದು ಇದೊಂದೇ. ಕಾರುಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ. ಒಳಗೆ ಕಾಲಿಟ್ಟಾಗ ಹಳೆಯ ತೊಟ್ಟಿಮನೆಯ ಅಟ್ಟದಲ್ಲಿ ನಡೆದ ಹಾಗೆ ಹಲಗೆಗಳು ಸದ್ದು ಮಾಡುತ್ತವೆ. ಬದಿಯ ತೆರೆಪುಗಳಿಂದ ಬಿಸಿಲು ಪಟ್ಟಿಪಟ್ಟಿಯಾಗಿ ನೆಲಕ್ಕೆ ಬಿದ್ದಿರುತ್ತದೆ, ಕೆಳಗಿನಿಂದ ಹಿಮಕರಗಿದ ನೀರಿನ ತಂಪು ಮೇಲೇರಿ ಬರುತ್ತದೆ. ನಟ್ಟನಡುವೆ ಗಡಿಯ ಗುರುತು. ಹಿಂದಿನ ಹೆಜ್ಜೆ ಒಂದು ದೇಶದಲ್ಲಿ, ಮುಂದಿನ ಹೆಜ್ಜೆ ಇನ್ನೊಂದರಲ್ಲಿ. ಆಚೆ ತುದಿಯಲ್ಲಿ ಹೊರಬಂದರೆ ಬೆಟ್ಟದ ಮೇಲಿನ ಅರಮನೆ ನೇರವಾಗಿ ಎದುರಿಗಿರುತ್ತದೆ. ರಾಜಮನೆತನ ಈಗಲೂ ವಾಸಿಸುವ ಮನೆಯಾದ್ದರಿಂದ ಒಳಗೆ ಪ್ರವೇಶವಿಲ್ಲ. ನಿಲ್ದಾಣದಿಂದ ವಾಡುಜ್ ಪೇಟೆಗೆ ಸಮತಟ್ಟಾದ ದಾರಿಯಲ್ಲಿ ಮುಕ್ಕಾಲು ಗಂಟೆಯ ನಡಿಗೆ. ದೊಡ್ಡ ಪೆಟ್ಟಿಗೆ ಇದ್ದವರಿಗೆ ಇದು ಆಗದು, ಬೆನ್ನ ಮೇಲೆ ಒಂದೇ ಚೀಲ ಇದ್ದವರು ಬೇರೆ ದಾರಿಯನ್ನು ಯೋಚಿಸಲೇಬಾರದು.

ನಡೆಯುವುದರಲ್ಲಿ ಆಸಕ್ತಿ ಇರುವವರಿಗೆ, ರಾಜ್ಯದ 300ನೇ ವರ್ಷದ ನೆನಪಿಗೆ 2019ರಲ್ಲಿ ತೆರೆದ 75 ಕಿಲೋಮೀಟರ್‌ಗಳ ಲಿಕ್ಟನ್‌ಸ್ಟೈನ್ ಹಾದಿ ಹನ್ನೊಂದೂ ಊರುಗಳನ್ನು ಮುಟ್ಟುತ್ತದೆ. ಅದರ ಯಾವ ಹಂತದಲ್ಲಿ ಸುಸ್ತಾದರೂ ಹತ್ತಿರದಲ್ಲೊಂದು ಬಸ್ ತಂಗುದಾಣ ಸಿಗುತ್ತದೆ. ಸೈಕಲ್ಲಿನವರಿಗೆ ನದಿಯ ಏರಿಯ ಮೇಲೆ ಉದ್ದಕ್ಕೂ ದಾರಿಯಿದೆ.

ಹೊರಡುವ ಮುನ್ನ ನೋಡಿಕೊಳ್ಳಬೇಕಾದ ಕೆಲವು

ಮೊಬೈಲ್ ರೋಮಿಂಗ್ ಪ್ಯಾಕ್ ಕೊಳ್ಳುವಾಗ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಷ್ಟೇ ಅಲ್ಲ, ಲಿಕ್ಟನ್‌ಸ್ಟೈನ್ ಹೆಸರೂ ಇದೆಯೇ ಎಂದು ನೋಡಿ. ಈ ದೇಶಕ್ಕೆ ತನ್ನದೇ ಆದ 423 ಎಂಬ ದೂರವಾಣಿ ಸಂಕೇತವಿದೆ. ನದಿಯ ದಂಡೆಯಲ್ಲಿ ನಡೆಯುವಾಗ ಫೋನು ಒಂದು ದೇಶದ ಜಾಲದಿಂದ ಇನ್ನೊಂದರ ಜಾಲಕ್ಕೆ ತಾನಾಗಿಯೇ ಹಾರುತ್ತದೆ, ಪಟ್ಟಿಯಲ್ಲಿಲ್ಲದ ದೇಶಕ್ಕೆ ಹಾರಿದರೆ ಬಿಲ್ಲು ಏರುತ್ತದೆ. ವೇಳಾಪಟ್ಟಿಯ ಚಿತ್ರವನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಜಾಲವಿಲ್ಲದೆಯೂ ಕೆಲಸ ನಡೆಯುತ್ತದೆ.

ವಾಡುಜ್‌ನ ಪ್ರವಾಸಿ ಕೇಂದ್ರದಲ್ಲಿ ಸ್ವಲ್ಪ ಹಣ ಕೊಟ್ಟರೆ ನೆನಪಿಗಾಗಿ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿಕೊಡುತ್ತಾರೆ. ಅದು ವಲಸೆ ಇಲಾಖೆಯ ಮುದ್ರೆಯಲ್ಲ. ಪಾಸ್‌ಪೋರ್ಟ್ ಸರ್ಕಾರಿ ದಾಖಲೆಯಾದ್ದರಿಂದ ಅಂಚೆ ಕಾರ್ಡಿನ ಮೇಲೆ ಒತ್ತಿಸಿಕೊಳ್ಳುವುದೇ ಸರಿ ಎಂದು ನನ್ನ ಸಲಹೆ. ಅಂಚೆಚೀಟಿಗಳಿಗೆ ಹೆಸರಾದ ದೇಶದಲ್ಲಿ ಕಾರ್ಡಿಗೆ ಕೊರತೆಯೂ ಇಲ್ಲ.

ಜ್ಯೂರಿಚ್‌ನಲ್ಲಿ ರಾತ್ರಿ ತಡವಾಗಿ ಇಳಿಯುವವರು ಅಂದೇ ವಾಡುಜ್ ತಲುಪಲು ಹೆಣಗದೆ ಅಲ್ಲೇ ಉಳಿದು ಬೆಳಗ್ಗೆ ಹೊರಡಲಿ. ವಾಪಸಾಗುವ ದಿನದ ಲೆಕ್ಕವನ್ನು ವಿಮಾನದ ವೇಳೆಯಿಂದ ಹಿಂದಕ್ಕೆ ಎಣಿಸಬೇಕು: ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು, ವಾಡುಜ್‌ನಿಂದ ಅಲ್ಲಿಗೆ ಬಸ್ಸು ಮತ್ತು ಎರಡು ರೈಲು ಸೇರಿ ಎರಡು ಗಂಟೆ, ಒಂದು ಸಂಪರ್ಕ ತಪ್ಪಿದರೂ ನಡೆಯುವಂತೆ ಇನ್ನೊಂದು ಗಂಟೆ. ಹಿಂದಿನ ಸಂಜೆಯೇ ವಾಡುಜ್ ಪೋಸ್ಟ್ ತಂಗುದಾಣಕ್ಕೆ ಹೋಗಿ ಯಾವ ಕಟ್ಟೆಯಿಂದ ಬಸ್ಸು ಹೊರಡುತ್ತದೆ ಎಂಬುದನ್ನು ನೋಡಿಕೊಂಡು ಬನ್ನಿ. 11ನೇ ಸಂಖ್ಯೆಯ ಬಸ್ಸು ಅಲ್ಲಿಂದ ಎರಡೂ ದಿಕ್ಕಿಗೆ ಹೋಗುತ್ತದೆ, ಬಣ್ಣವೂ ಒಂದೇ, ಸಂಖ್ಯೆಯೂ ಒಂದೇ. ಹತ್ತುವ ಮೊದಲು ಬಸ್ಸಿನ ಹಣೆಯ ಮೇಲೆ ಸಾರ್ಗಾನ್ಸ್ ಎಂದಿದೆಯೋ ಫೆಲ್ಡ್‌ಕಿರ್ಖ್ ಎಂದಿದೆಯೋ ಓದಿ, ಅನುಮಾನವಿದ್ದರೆ ಚಾಲಕರನ್ನು ಕೇಳಿಯೇ ಪೆಟ್ಟಿಗೆಯನ್ನು ಒಳಗಿಡಿ.